ಛತ್ರಿ ಮೇಡಂ ಮತ್ತು ಸೇತುವೆಯ ಮೇಸ್ತ್ರಿ

ಊರು ತೋರಿಸುವುದೂ ಒಂದು ವಿದ್ಯೆಯೆಂದು ಒಪ್ಪಿಕೊಳ್ಳುವ ಮನಸ್ಸು ನಮ್ಮಲ್ಲಿ ಅನೇಕರಿಗೆ ಇಂದಿಗೂ ಇಲ್ಲ. ಮೈಕು ಹಿಡಿದವರು ಕೈಪಿಡಿಯಲ್ಲಿದ್ದದ್ದನ್ನು ಒಪ್ಪಿಸುತ್ತಾರೆ, ಕಿಟಕಿಯ ಬಳಿ ಕುಳಿತವರು ಫೋಟೊ ತೆಗೆದುಕೊಳ್ಳುತ್ತಾರೆ, ಅಷ್ಟರಲ್ಲಿ ಊಟದ ಹೊತ್ತಾಗುತ್ತದೆ ಎಂಬುದೇ ಹಲವರ ತಿಳಿವಳಿಕೆ. ಈ ತಿಳಿವಳಿಕೆಯನ್ನು ತಲೆಕೆಳಗು ಮಾಡಿ, ನಮ್ಮ ಊರಿನ ಸಂಜೆಯ ದರ್ಶನವನ್ನು ಮೂವತ್ಮೂರು ವರ್ಷಗಳ ಕಾಲ ಒಂದು ವ್ರತದಂತೆ ನಡೆಸಿಕೊಂಡು ಬಂದು, ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ಹಿರಿಯ ಮಾರ್ಗದರ್ಶಿಯವರಿಗೆ ಈ ಸಂಪುಟ ಅರ್ಪಿತವಾಗಿದೆ. ಇದರಲ್ಲಿ ವಿದ್ವಾಂಸರ ಲೇಖನಗಳು ಬೇಕಾದಷ್ಟಿವೆ. ಈ ಲೇಖನದ ಒಡೆಯರು ಮಾತ್ರ ವಿದ್ವಾಂಸರಲ್ಲ. ಇಪ್ಪತ್ತೊಂಬತ್ತು ವರ್ಷ ಅದೇ ಬಸ್ಸನ್ನು ಓಡಿಸಿದ ಚಾಲಕರು. ತಮ್ಮ ಕೈಗೆ ಸ್ಟಿಯರಿಂಗ್ ಒಗ್ಗಿದಂತೆ ಲೇಖನಿ ಒಗ್ಗದೆಂದು ಅವರು ಹಟ ಹಿಡಿದುದರಿಂದ, ಅವರು ಎರಡು ಮಧ್ಯಾಹ್ನ ಕುಳಿತು ಹೇಳಿದ್ದನ್ನು ಸಂಪಾದಕ ಸಮಿತಿ ಬರೆದುಕೊಂಡಿದೆ.

ಪ್ರವಾಸಿಗಳು ಬರುವ ಆರು ತಿಂಗಳು, ವಾರದ ರಜೆಯಾದ ಸೋಮವಾರದ ಹೊರತು ಪ್ರತಿದಿನ, ಸಂಜೆ ಐದೂವರೆಗೆ ಇಪ್ಪತ್ತು ಆಸನಗಳ ಆ ಹಳೆಯ ಬಸ್ಸು ರೈಲು ನಿಲ್ದಾಣದ ಎದುರಿನಿಂದ ಹೊರಡುತ್ತಿತ್ತು. ಹಳೆಯ ನ್ಯಾಯಾಲಯ, ಗಡಿಯಾರದ ಗೋಪುರ, ಅಕ್ಕಸಾಲಿಗರ ಬೀದಿ, ನದಿಯ ಮೇಲಿನ ಕಲ್ಲು ಸೇತುವೆ, ಹೀಗೆ ಎಂಟು ಜಾಗ ತೋರಿಸಿ, ದೀಪ ಹಚ್ಚುವ ವೇಳೆಗೆ ಒಂದು ದೊಡ್ಡ ಹಳೆಯ ಮನೆಯನ್ನು ಸೇರುತ್ತಿತ್ತು. ಅಲ್ಲಿ ಉದ್ದನೆಯ ಮೇಜಿನ ಮೇಲೆ ತಾಮ್ರದ ಬಟ್ಟಲುಗಳಲ್ಲಿ ಹಿಂದಿನ ಕಾಲದ ಕ್ರಮದ ಊಟ. ಗುಂಪು ಚದುರದಿರಲೆಂದು ಮೇಡಂ ಒಂದು ಕೆಂಪು ಛತ್ರಿಯನ್ನು ಎತ್ತಿ ಹಿಡಿದು ನಡೆಯುತ್ತಿದ್ದರು. ಆದ್ದರಿಂದ ಅವರಿಗೆ ಛತ್ರಿ ಮೇಡಂ ಎಂದೇ ಹೆಸರಾಯಿತು. ಆ ಮಾತಿಗೆ ಆಡುಮಾತಿನಲ್ಲಿರುವ ಇನ್ನೊಂದು ಅರ್ಥ ಅವರಿಗೂ ಗೊತ್ತಿತ್ತು. ಹೊಸಬರು ಯಾರಾದರೂ ಬಾಯಿ ತಪ್ಪಿ ಹಾಗೆ ಕರೆದು ನಾಲಗೆ ಕಚ್ಚಿಕೊಂಡರೆ, "ಪರವಾಗಿಲ್ಲ, ಎರಡೂ ಅರ್ಥದಲ್ಲಿ ಹೌದು" ಎಂದು ತಾವೇ ಮೊದಲು ನಗುತ್ತಿದ್ದರು.

ಅವರು ಮಾಡಿದ ಉಪಕಾರಗಳನ್ನು ಹೇಳಹೊರಟರೆ ಪುಟ ಸಾಲದು. ಮಂಡಿನೋವಿನವರನ್ನು ಮೊದಲ ನೋಟಕ್ಕೇ ಗುರುತಿಸಿ ಬಾಗಿಲ ಬಳಿಯ ಆಸನ ಕೊಡಿಸುತ್ತಿದ್ದರು. ಯಾರಿಗೆ ಖಾರ ಆಗದು, ಯಾರಿಗೆ ಹಲ್ಲಿಲ್ಲ ಎಂಬ ಚೀಟಿ ಬಸ್ಸಿಗಿಂತ ಮುಂಚೆ ಅಡುಗೆಯ ಯಜಮಾನಿಯ ಕೈ ಸೇರಿರುತ್ತಿತ್ತು. ಚಾಲಕರ ಹೆಂಡತಿ ಹೆರಿಗೆಗೆ ಸೇರಿದ ದಿನ ಮೇಡಂ ಚಾಲಕರನ್ನು ಬಲವಂತವಾಗಿ ಇಳಿಸಿ, ಇಪ್ಪತ್ತು ಮಂದಿಯನ್ನು ಎಂಟೂ ಕಡೆಗೆ ಕಾಲ್ನಡಿಗೆಯಲ್ಲಿ ಕರೆದೊಯ್ದರು. ಅಂದು ಬಂದವರು ಅದೇ ವಿಶೇಷವೆಂದುಕೊಂಡು ಮೆಚ್ಚಿ ಬರೆದುಕೊಟ್ಟರು. ಆದರೆ ಚಾಲಕರು ಈ ಲೇಖನದಲ್ಲಿ ಹೇಳಬಯಸಿದ್ದು ಇವನ್ನಲ್ಲ. ತಮ್ಮ ಜೀವಮಾನದಲ್ಲಿ ತಾವು ಕಣ್ಣಾರೆ ಕಂಡ ಒಂದು ದೊಡ್ಡ ಕೆಲಸವನ್ನು.

ಕಲ್ಲು ಸೇತುವೆಯ ಬಗ್ಗೆ ಬಸ್ಸು ನಡೆಸುವ ಪ್ರವಾಸ ಸಂಸ್ಥೆಯ ಕೈಪಿಡಿಯಲ್ಲಿ ಒಂದೇ ಸಾಲಿತ್ತು: ಸೇತುವೆ ಕಟ್ಟಿದ ಮೇಸ್ತ್ರಿ ತನ್ನ ಕೆಲಸದ ಮೇಲೆ ತನಗೇ ನಂಬಿಕೆಯಿಲ್ಲದೆ ಉದ್ಘಾಟನೆಯ ಹಿಂದಿನ ದಿನ ಊರು ಬಿಟ್ಟು ಓಡಿಹೋದ. ಆ ಸಾಲಿಗೆ ಬಾಲ ಸೇರಿಸಿದವರು ಮೇಡಂ. "ಸೇತುವೆ ಇನ್ನೂ ನಿಂತೇ ಇದೆ, ಮೇಸ್ತ್ರಿ ಮಾತ್ರ ಇನ್ನೂ ಓಡ್ತಾನೇ ಇದಾನೆ!" ಎಂದು ಅವರು ಹೇಳಿ ಮೈಕು ಕೆಳಗಿಳಿಸಿದರೆ ಇಡೀ ಬಸ್ಸು ಗೊಳ್ಳೆಂದು ನಗುತ್ತಿತ್ತು. ಒಂಬತ್ತು ವರ್ಷ ಹೀಗೆ ನಕ್ಕಿತು. ಚಾಲಕರೂ ಐದು ವರ್ಷ ನಕ್ಕರು.

ಹತ್ತನೆಯ ವರ್ಷದ ಆರಂಭದಲ್ಲಿ ಒಂದು ಸಂಜೆ, ಎಂಬತ್ತರ ಅಂಚಿನ ಒಬ್ಬ ಅಜ್ಜಿ ಒಬ್ಬರೇ ಬಂದಿದ್ದರು. ಹುಟ್ಟಿದ ಊರು ನೋಡಲಿ ಎಂದು ಮೊಮ್ಮಗಳು ಟಿಕೆಟು ಕೊಡಿಸಿದ್ದಳಂತೆ. ಊಟದ ಮನೆಯಲ್ಲಿ ಎಲ್ಲರ ಬಟ್ಟಲೂ ಖಾಲಿಯಾಗುತ್ತಿದ್ದರೆ ಅಜ್ಜಿಯ ಬಟ್ಟಲು ಬಡಿಸಿದಂತೆಯೇ ಇತ್ತು. ಚಾಲಕರು ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ಕುಳಿತಿದ್ದರಿಂದ ಪ್ರತಿಯೊಂದು ಮಾತೂ ಅವರಿಗೆ ಕೇಳಿಸಿತು.

"ಅಮ್ಮಾ, ಊಟ ಸೇರ್ಲಿಲ್ವಾ?" ಎಂದು ಮೇಡಂ ಬಾಗಿ ಕೇಳಿದರು.

"ಊಟ ಚೆನ್ನಾಗಿದೆ ಮಗಳೇ. ಗಂಟಲಲ್ಲಿ ಇಳೀತಿಲ್ಲ." ಅಜ್ಜಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ನೀನು ಹೇಳಿದ್ಯಲ್ಲ ಆ ಮೇಸ್ತ್ರಿ, ಅವರು ನಮ್ಮಪ್ಪ. ಓಡಿಹೋಗ್ಲಿಲ್ಲ ಅವರು. ಕತ್ತಲಾಗೋಕೆ ಮುಂಚೆ ಮೂರನೇ ಕಮಾನು ಒಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಿ ಅಂತ ಹೋದ್ರು. ನದಿ ತುಂಬಿತ್ತು. ಮಾರನೇ ದಿನ ದೊಡ್ಡವರೆಲ್ಲ ಬರೋರಿದ್ರು. ಸಾವಾಗಿದೆ ಅಂದ್ರೆ ಸಮಾರಂಭ ನಿಂತುಹೋಗುತ್ತಲ್ಲ, ಅದಕ್ಕೆ ಗುತ್ತಿಗೆದಾರ ಓಡಿಹೋದ ಅಂತ ಸಾರಿಬಿಟ್ಟ. ತಿಂಗಳಾದ್ಮೇಲೆ ಕೆಳಗಿನ ಊರಿಂದ ಮೀನು ಹಿಡಿಯೋನೊಬ್ಬ ಹುಡುಕ್ಕೊಂಡು ಬಂದು, ಗೋಡೆ ನೇರ ನೋಡೋ ದಾರದ ಗುಂಡು ಇರುತ್ತಲ್ಲ, ಅದನ್ನ ಅಮ್ಮನ ಕೈಲಿ ಇಟ್ಟ. ಹೆಣದ ಸೊಂಟದಲ್ಲಿತ್ತಂತೆ. ಅಮ್ಮ ಎಷ್ಟು ಬಡ್ಕೊಂಡ್ರೂ ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. ನನಗಾಗ ಐದು ವರ್ಷ. ಓಡಿಹೋದವನ ಮಗಳು ಅಂತಾನೇ ಬೆಳೆದೆ. ಎಪ್ಪತ್ನಾಲ್ಕು ವರ್ಷ ಆಯ್ತು, ಇವತ್ತು ಮೈಕಲ್ಲಿ ಕೇಳಿದೆ."

ಮೇಡಂ ಅಜ್ಜಿಯ ಪಕ್ಕದ ಕುರ್ಚಿಯಲ್ಲಿ ಕುಳಿತು, "ನಿಮ್ಮಪ್ಪನ ಮೈಮೇಲೆ ಏನಾದ್ರೂ ಗುರುತಿತ್ತಾ ಅಮ್ಮಾ?" ಎಂದಷ್ಟೇ ಕೇಳಿದರು. ಎಡಗೈಯ ಕಿರುಬೆರಳು ಇರಲಿಲ್ಲವೆಂದು ಅಜ್ಜಿ ಹೇಳಿದರು.

ಮುಂದಿನ ಸೋಮವಾರ ಮೇಡಂ ಚಾಲಕರನ್ನು ಜತೆಗೆ ಕರೆದುಕೊಂಡು ನದಿಯ ಕೆಳಗಿನ ಆ ಊರಿಗೆ ಹೋದರು. ಪೊಲೀಸ್ ಠಾಣೆಯವರು ನಕ್ಕರು, ಪುರಸಭೆಯವರು ನಾಳೆ ಬನ್ನಿ ಎಂದರು. ಮೂರನೆಯ ಸೋಮವಾರ, ಸ್ಮಶಾನದ ಕಚೇರಿಯ ಅಟ್ಟದಲ್ಲಿ, ಗೆದ್ದಲು ಅರ್ಧ ತಿಂದ ಒಂದು ದಾಖಲೆ ಪುಸ್ತಕ ಸಿಕ್ಕಿತು. ಸೇತುವೆಯ ಉದ್ಘಾಟನೆಯಾಗಿ ಎರಡು ದಿನಗಳ ನಂತರದ ತಾರೀಖು. ಮೇಡಂ ಬೆರಳಿಟ್ಟು ನಿಧಾನವಾಗಿ ಓದಿದರು: "ಗುರುತು ಸಿಗದ ಗಂಡಸು. ವಯಸ್ಸು ಸುಮಾರು ಮೂವತ್ತೈದು. ನೀರಿನಲ್ಲಿ ಮುಳುಗಿ ಸಾವು. ಎಡಗೈಗೆ ಕಿರುಬೆರಳಿಲ್ಲ. ಅಂಗೈಗಳು ಸುಣ್ಣದಿಂದ ಬಿರಿದಿವೆ." ಓದಿ ಮುಗಿಸಿದ ಮೇಲೆ ಅವರು ಆ ಅಟ್ಟದ ಧೂಳಿನಲ್ಲೇ ಕುಳಿತುಬಿಟ್ಟರು. ಚಾಲಕರು ನೀರು ತಂದುಕೊಟ್ಟರೂ ಕುಡಿಯಲಿಲ್ಲ.

ಕಥೆಯನ್ನು ತಿದ್ದುತ್ತೇನೆಂದು ಮೇಡಂ ಹೇಳಿದಾಗ ಸಂಸ್ಥೆಯ ಮ್ಯಾನೇಜರರು ತಲೆ ಚಚ್ಚಿಕೊಂಡರು. "ಜನ ನಗೋದು ಅದೊಂದೇ ಕಡೆ ಮೇಡಂ. ಊಟಕ್ಕೆ ಮುಂಚೆ ಸಾವಿನ ಸುದ್ದಿ ಹೇಳ್ತೀರಾ?" ಮೇಡಂ ಹೇಳಿಯೇ ಹೇಳಿದರು. ಅಂದಿನಿಂದ ಸೇತುವೆಯ ಮೇಲೆ ಬಸ್ಸಿನಲ್ಲಿ ನಗು ನಿಂತು ಮೌನ ಬಂತು. ಇಲ್ಲಿಗೇ ಮುಗಿದಿದ್ದರೆ ಅವರು ಒಬ್ಬ ಪ್ರಾಮಾಣಿಕ ಮಾರ್ಗದರ್ಶಿ ಎಂದಷ್ಟೇ ಬರೆಯಬಹುದಿತ್ತು.

ಒಂದು ಮಧ್ಯಾಹ್ನ ಚಾಲಕರು ಕಚೇರಿಗೆ ಹೋದಾಗ, ಮೇಡಂ ಒಂಬತ್ತು ವರ್ಷಗಳ ನೋಂದಣಿ ಪುಸ್ತಕಗಳನ್ನು ನೆಲದ ಮೇಲೆ ಸಾಲಾಗಿ ಹರಡಿಕೊಂಡು ಕುಳಿತಿದ್ದರು. ಬಸ್ಸು ಹತ್ತಿದ ಪ್ರತಿ ಕುಟುಂಬದ ವಿಳಾಸವೂ ಅವುಗಳಲ್ಲಿತ್ತು. ಎಂಟು ಸಾವಿರದ ನೂರ ನಲವತ್ತಾರು ವಿಳಾಸಗಳು.

"ಇಷ್ಟೂ ಜನಕ್ಕೆ ಬರೀತೀನಿ," ಎಂದರು ಮೇಡಂ.

"ಅಕ್ಕಾ, ಅವರಿಗೆ ನೆನ್ನೆ ಉಂಡಿದ್ದೇ ನೆನಪಿರಲ್ಲ. ಯಾವಾಗ್ಲೋ ಬಸ್ಸಲ್ಲಿ ಕೇಳಿದ ಜೋಕು ನೆನಪಿರುತ್ತಾ?"

"ಅವರಿಗೆ ಇಲ್ದೇ ಇರಬಹುದು ಅಣ್ಣಾ. ಹೇಳಿದ್ದು ನನಗೆ ನೆನಪಿದೆಯಲ್ಲ."

ಚಾಲಕರು ಅಂದು ಮನೆಗೆ ಹೋಗಿ, ಮೇಡಂಗೆ ತಲೆ ಕೆಟ್ಟಿದೆಯೆಂದು ಹೆಂಡತಿಯೊಡನೆ ಹೇಳಿದರು. ಮೇಡಂ ದಿನಕ್ಕೆ ಆರರಂತೆ ಬರೆಯತೊಡಗಿದರು. ಅಚ್ಚು ಹಾಕಿಸಿಬಿಡಿ ಎಂದವರಿಗೆ, ಸುಳ್ಳನ್ನು ಬಾಯಾರೆ ಹೇಳಿದ್ದೇನೆ, ನಿಜವನ್ನು ಕೈಯಾರೆ ಬರೆಯುತ್ತೇನೆ ಎಂದರು. ಪ್ರತಿ ಕಾರ್ಡಿನಲ್ಲೂ ಅದೇ ಒಕ್ಕಣೆ: "ನೀವು ಇಂಥ ದಿನ ಸಂಜೆ ನಮ್ಮೊಡನೆ ಊರು ನೋಡಿದಿರಿ. ಕಲ್ಲು ಸೇತುವೆಯ ಮೇಲೆ ನಾನು ಹೇಳಿದ್ದು ಸುಳ್ಳು. ಮೇಸ್ತ್ರಿ ಓಡಿಹೋಗಲಿಲ್ಲ, ಮೂರನೆಯ ಕಮಾನನ್ನು ಕೊನೆಯ ಸಲ ಪರೀಕ್ಷಿಸಲು ಹೋಗಿ ನೀರುಪಾಲಾದರು. ಆ ಕಥೆಯನ್ನು ನೀವು ಯಾರಿಗಾದರೂ ಹೇಳಿದ್ದರೆ, ದಯವಿಟ್ಟು ಇದನ್ನೂ ಹೇಳಿ."

ಆರು ತಿಂಗಳಲ್ಲಿ ಒಬ್ಬ ಮಹಾಶಯರಿಂದ ಸಂಸ್ಥೆಗೆ ಪತ್ರ ಬಂತು: ಇದು ಸುಳ್ಳಾದರೆ ನಿಮ್ಮ ಉಳಿದ ಏಳು ಕಥೆಗಳ ಗತಿಯೇನು? ಮ್ಯಾನೇಜರರು ಕೆಂಡವಾದರು. ಕಾರ್ಡು ಬರೆಯುವುದನ್ನು ನಿಲ್ಲಿಸಬೇಕು, ಇಲ್ಲವೇ ಬಸ್ಸಿನಿಂದ ಇಳಿಯಬೇಕು. ಮೇಡಂ ಛತ್ರಿಯನ್ನು ಮೇಜಿನ ಮೇಲಿಟ್ಟು, ಟಿಕೆಟು ಕೊಡುವ ಕಿಟಕಿಯ ಹಿಂದೆ ಹೋಗಿ ಕುಳಿತರು. ಅಲ್ಲಿಯೂ ದಿನಕ್ಕೆ ಆರು.

ಅವರ ಜಾಗಕ್ಕೆ ಬಂದ ಹೊಸ ಮಾರ್ಗದರ್ಶಿ ಕೈಪಿಡಿಯನ್ನು ಉರು ಹೊಡೆದುಕೊಂಡು ಬಂದಿದ್ದರು. ಮೊದಲ ಸಂಜೆ ಸೇತುವೆ ಬಂದಾಗ, "ಮೇಸ್ತ್ರಿ ಓಡಿಹೋದ" ಎಂಬ ಮಾತು ಮತ್ತೆ ಮೈಕಿನಲ್ಲಿ ಕೇಳಿತು. ಬಸ್ಸು ಮತ್ತೆ ನಕ್ಕಿತು. ಚಾಲಕರು ಹೇಳುತ್ತಾರೆ: ಆ ಕ್ಷಣ ತಮ್ಮ ಕಾಲು ತಮ್ಮನ್ನು ಕೇಳದೆ ಬ್ರೇಕಿನ ಮೇಲೆ ಹೋಯಿತು. ಸೇತುವೆಯ ನಡುವೆ ಬಸ್ಸು ನಿಂತಿತು. ಹಿಂದಿನ ವಾಹನಗಳು ಹಾರ್ನು ಬಡಿದವು. ಅಷ್ಟು ವರ್ಷಗಳಲ್ಲಿ ಪ್ರವಾಸಿಗಳೆದುರು ಒಮ್ಮೆಯೂ ತುಟಿ ಬಿಚ್ಚದ ಮನುಷ್ಯ ಎಂಜಿನ್ನು ಆರಿಸಿ, ಎದ್ದು ಹಿಂದಕ್ಕೆ ತಿರುಗಿದರು.

"ಸ್ವಾಮೀ, ಅದು ಸುಳ್ಳು. ನಾನು ದಾಖಲೆ ನೋಡಿದೀನಿ. ಅವರು ಓಡಿಹೋಗ್ಲಿಲ್ಲ. ಇಲ್ಲೇ... ಇದರ ಕೆಳಗೇ ಸತ್ರು. ಕೈಯೆಲ್ಲ ಸುಣ್ಣ ತಿಂದು ಒಡೆದುಹೋಗಿತ್ತು." ಕಣ್ಣು ಮಂಜಾಗಿ, ಎಂಜಿನ್ನು ಹಚ್ಚಲು ಕೀಲಿ ಹುಡುಕಬೇಕಾಯಿತು.

ಮರುದಿನ ಕೆಲಸ ಹೋಗುವುದು ಖಚಿತವೆಂದುಕೊಂಡೇ ಅವರು ಕಚೇರಿಗೆ ಹೋದರು. ಹೊಸ ಮಾರ್ಗದರ್ಶಿ ಅವರಿಗಿಂತ ಮೊದಲೇ ಬಂದು, ಆ ಸಾಲನ್ನು ಇನ್ನು ಹೇಳಲಾರೆನೆಂದು ಮ್ಯಾನೇಜರರೆದುರು ಕೈಪಿಡಿಯಿಟ್ಟು ನಿಂತಿದ್ದರು. ಅಷ್ಟರಲ್ಲಿ ಅಂಚೆಯವರು ಒಂದು ಕಟ್ಟು ಪತ್ರಗಳನ್ನು ತಂದುಹಾಕಿದರು. ಮೇಡಂ ಬರೆದ ಕಾರ್ಡುಗಳಿಗೆ ಉತ್ತರಗಳು. ಮ್ಯಾನೇಜರರು ಸಿಟ್ಟಿನಲ್ಲೇ ಒಂದನ್ನು ಒಡೆದರು. ಎಲ್ಲೋ ದೂರದ ಶಾಲೆಯ ಉಪಾಧ್ಯಾಯಿನಿಯೊಬ್ಬರು ಬರೆದಿದ್ದರು: ಪ್ರತಿ ವರ್ಷ ಮಕ್ಕಳಿಗೆ ಆ ಕಥೆ ಹೇಳಿ ನಗಿಸುತ್ತಿದ್ದೆ, ಈ ವರ್ಷ ನಿಮ್ಮ ಕಾರ್ಡನ್ನು ಓದಿದೆ, ಇಡೀ ತರಗತಿ ತಾನಾಗಿ ಎದ್ದು ನಿಂತಿತು. ಮ್ಯಾನೇಜರರು ಇನ್ನೊಂದನ್ನು ಒಡೆದರು, ಮತ್ತೊಂದನ್ನು ಒಡೆದರು. ಮಧ್ಯಾಹ್ನದವರೆಗೆ ಓದಿದರು. ಆಮೇಲೆ ಟಿಕೆಟಿನ ಕಿಟಕಿಗೆ ಹೋಗಿ, "ಇನ್ನುಳಿದ ಏಳನ್ನೂ ನೀವೇ ಒಂದ್ಸಲ ನೋಡಿಬಿಡಿ ಮೇಡಂ" ಎಂದು ಕೈಪಿಡಿಯನ್ನು ಒಳಗೆ ತಳ್ಳಿದರು. ಏಳರಲ್ಲಿ ಎರಡು ಕಥೆಗಳಿಗೆ ಆಧಾರ ಸಿಗಲಿಲ್ಲ. ಮೇಡಂ ಅವನ್ನು ತೆಗೆದುಹಾಕಿ, ಮತ್ತೆ ಛತ್ರಿ ಹಿಡಿದು ಬಸ್ಸು ಹತ್ತಿ, ಆ ಎರಡೂ ಕಡೆ ಇಂದಿಗೂ "ಇದರ ಬಗ್ಗೆ ನಮಗೆ ಗೊತ್ತಿಲ್ಲ" ಎಂದೇ ಹೇಳುತ್ತಾರೆ.

ಕಾರ್ಡುಗಳ ಕೆಲಸ ಮುಗಿಯಲು ಮೂರು ವರ್ಷ ಎಂಟೂವರೆ ತಿಂಗಳು ಹಿಡಿಯಿತು. ಮೊದಲ ಕಾರ್ಡು ಅಜ್ಜಿಗೇ ಹೋಗಿತ್ತು, ದಾಖಲೆಯ ನಕಲಿನೊಡನೆ. ಅಂಚೆಚೀಟಿ ಅಂಟಿಸುವ ಹೊಣೆ ಚಾಲಕರದು. ಎಂಟು ಸಾವಿರ ಚೀಟಿ ನೆಕ್ಕಿದ ತಮ್ಮ ನಾಲಗೆಗೆ ಆಮೇಲೆ ಅಡುಗೆಯ ಯಜಮಾನಿಯ ಸಿಹಿಯೂ ಅಂಟಿನಂತೆಯೇ ರುಚಿಸಿತೆಂದು ಅವರು ದೂರುತ್ತಾರೆ.

ಆ ಮೊದಲ ಕಾರ್ಡು ತಲಪಿದ ವರ್ಷವೇ ಅಜ್ಜಿ ಮೊಮ್ಮಗಳೊಡನೆ ಮತ್ತೆ ಬಂದರು. ಸೋಮವಾರ, ಬಸ್ಸಿನಲ್ಲಿ ಬೇರೆ ಯಾರೂ ಇಲ್ಲ. ಕೆಳಗಿನ ಊರಿನ ಸ್ಮಶಾನಕ್ಕೆ ಹೋಗುವ ದಾರಿಯಲ್ಲಿ ಸೇತುವೆಯ ಮೇಲೆ ಇಳಿಸಲು ಹೇಳಿದರು. ಐದು ವರ್ಷದವಳಾಗಿದ್ದಾಗಿನಿಂದ ಅವರ ಕಾಲು ಆ ಕಲ್ಲುಗಳನ್ನು ಮುಟ್ಟಿರಲಿಲ್ಲವಂತೆ, ತಾಯಿ ಬಿಟ್ಟಿರಲಿಲ್ಲ. ಮೇಡಂ ತೋಳು ಹಿಡಿದು ನಡೆದರು. ಮೂರನೆಯ ಕಮಾನಿನ ಮೇಲೆ ಅಜ್ಜಿ ನಿಂತು, ತಡೆಗೋಡೆಯ ಕಲ್ಲಿನ ಸಂದಿಯಲ್ಲಿ ಉಗುರು ತೂರಿಸಲು ನೋಡಿದರು. ತೂರಲಿಲ್ಲ.

"ನೋಡು ಮಗಳೇ, ಉಗುರು ಹೋಗಲ್ಲ," ಎಂದರು. "ಎಷ್ಟು ಚೆನ್ನಾಗಿ ಕಟ್ಟಿದಾರೆ ನಮ್ಮಪ್ಪ!"

ಮೇಡಂ ಅಳುವುದನ್ನು ಚಾಲಕರು ನೋಡಿದ್ದು ಅದೊಂದೇ ಸಲ.

ದೊಡ್ಡ ದೊಡ್ಡ ಕಟ್ಟಡಗಳನ್ನು ತೋರಿಸಿ ಜನರನ್ನು ಬೆರಗುಗೊಳಿಸುವುದು ಆ ಬಸ್ಸಿನ ಕೆಲಸವಾಗಿತ್ತು. ಆದರೆ ತಾವು ಬೆರಗಾದದ್ದು ಕಿಟಕಿಯ ಹಿಂದೆ ತಲೆ ತಗ್ಗಿಸಿ ಬರೆಯುತ್ತಿದ್ದ ಆ ಒಬ್ಬ ಹೆಣ್ಣುಮಗಳನ್ನು ಕಂಡು ಎಂದು ಚಾಲಕರು ಹೇಳುವಾಗ ಅವರ ದನಿ ತಗ್ಗುತ್ತದೆ. "ನಾವೆಲ್ಲ ತಪ್ಪು ಮಾಡ್ತೀವಿ, ಅಯ್ಯೋ ಅಂತೀವಿ, ಮರೀತೀವಿ. ಈ ಅಕ್ಕ ಮನೆಮನೆ ಬಾಗಿಲು ತಟ್ಟಿದ್ರು ಸ್ವಾಮೀ" ಎಂಬುದು ಅವರದೇ ಮಾತು, ಸಮಿತಿ ಇದರಲ್ಲಿ ಒಂದಕ್ಷರವನ್ನೂ ತಿದ್ದಿಲ್ಲ.

ಕಳುಹಿಸಿದ ಕಾರ್ಡುಗಳಲ್ಲಿ ಮುನ್ನೂರ ಹನ್ನೊಂದು, ವಿಳಾಸದಾರರು ಮನೆ ಬದಲಿಸಿದ್ದಾರೆಂಬ ಮುದ್ರೆಯೊಡನೆ ಹಿಂದಿರುಗಿ ಬಂದಿದ್ದವು. ಬಿಡುವಾದಾಗಲೆಲ್ಲ ಹುಡುಕಿ ಇಷ್ಟು ವರ್ಷಗಳಲ್ಲಿ ಮೇಡಂ ಅವುಗಳಲ್ಲಿ ಇನ್ನೂರ ಮೂವತ್ತನ್ನು ತಲಪಿಸಿದ್ದಾರೆ. ಇನ್ನು ಎಂಬತ್ತೊಂದು ಉಳಿದಿವೆ. ನಿವೃತ್ತಿಯ ನಂತರ ಏನು ಮಾಡುತ್ತೀರೆಂದು ಕೇಳಿದವರಿಗೆ ಅವರು ಆ ಕಟ್ಟನ್ನು ತೋರಿಸುತ್ತಾರೆ. ಅವರ ಕಣ್ಣು, ಕೈ, ಕಾಲುಗಳು ಬಹುಕಾಲ ಗಟ್ಟಿಯಾಗಿರಲಿ. ಆ ಎಂಬತ್ತೊಂದು ಮನೆಗಳು ಅವರಿಗೆ ಒಂದೊಂದಾಗಿ ಸಿಗಲಿ. ಮತ್ತು ಎಲ್ಲವೂ ಬೇಗ ಸಿಕ್ಕಿಬಿಡದಿರಲಿ ಎಂದು ಈ ಲೇಖನದ ಒಡೆಯರ ಹಾರೈಕೆ.