ಹೊಳೆಯ ಪಾಲಿನ ಮೀನು

ಧಪ್, ಧಪ್, ಧಪ್. ದಂಡೆಯ ಮೇಲೆ ಬೋರಲು ಹಾಕಿದ ಚರ್ಮದ ಹರಗೋಲನ್ನು ಅಂಬಿಗರ ಹುಲಿಗೆವ್ವ ಅಂಗೈಯಿಂದ ಬಡಿಯುತ್ತಿದ್ದ ಸದ್ದು ಅದು. ಚರ್ಮ ಒಣಗಿ ಬಿಗಿಯಾಗಿದೆಯೋ, ಎಲ್ಲಾದರೂ ನೀರು ಜಿನುಗೀತೋ ಎಂದು ಕಿವಿಯಿಂದಲೇ ನೋಡುತ್ತಿದ್ದಳು. ಈಗ ನನ್ನ ಕಿವಿ ಅಷ್ಟಕ್ಕಷ್ಟೇ, ಯಾರಾದರೂ ಕೂಗಿಯೇ ಮಾತಾಡಬೇಕು. ಆ ಸದ್ದು ಮಾತ್ರ ಪರ್ಫೆಕ್ಟ್ಲಿ ಕ್ಲಿಯರ್.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ನಾವು ಮೂವರೂ ಒಂದೇ ಡಾರ್ಮಿಟರಿಯವರು. ಮಾನ್ವಿಯ ಆಚಾರರ ಮನೆಯ ನಾನು, ರಾಯಚೂರಿನ ಕಂಪೌಂಡರ್ ಮಗಳು ಗ್ರೇಸ್, ದೇವದುರ್ಗದ ತಹಶೀಲ್ದಾರರ ಮಗಳು ಸಕೀನಾ. ಕ್ರಿಸ್‌ಮಸ್ ರಜೆಗೆ ಸಕೀನಾ ನಮ್ಮಿಬ್ಬರನ್ನೂ ಮನೆಗೆ ಕರೆದಳು. ನನ್ನ ಊಟ ನಾನೇ ಕಟ್ಟಿಕೊಂಡು ಹೋಗಬೇಕು ಎಂಬ ಒಂದೇ ಶರತ್ತಿನ ಮೇಲೆ ಅವ್ವ ಒಪ್ಪಿದಳು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ದೊಡ್ಡ ಗಂಟು ಹಿಡಿದು ಹೊರಟೆ.

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಬಸ್ಸು ಪೆಟ್ರೋಲು ಸಿಗದೆ ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿತ್ತು. ಗಬ್ಬೂರಿನ ಹತ್ತಿರ ಏರು ಬಂದಾಗ ನಿಂತೇಬಿಟ್ಟಿತು. ಗಂಡಸರೆಲ್ಲ ಇಳಿದು ತಳ್ಳಿದರು. "ಹೆಣ್ಮಕ್ಕಳು ಕೂತಗೋರಿ" ಎಂದ ಕಂಡಕ್ಟರ್. ಗ್ರೇಸ್ ಕೇಳಲಿಲ್ಲ, ಹ್ಯಾಟು ನನ್ನ ತೊಡೆಯ ಮೇಲೆ ಎಸೆದು ತಾನೂ ಇಳಿದು ತಳ್ಳಿದಳು. ಮುಖವೆಲ್ಲ ಇದ್ದಲ ಮಸಿ ಮಾಡಿಕೊಂಡು ದೇವದುರ್ಗದಲ್ಲಿ ಇಳಿದಳು.

ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಆಗಲೇ ಜಗಳ ನಡೆದಿತ್ತು. ಸಕೀನಾಳಿಗೆ ಗೊತ್ತಾಗಿದ್ದ ಔರಂಗಾಬಾದಿನ ಬೀಗರು ಮದುವೆಗೆ ಅವಸರ ಮಾಡುತ್ತಿದ್ದರು. ಸೀನಿಯರ್ ಕೇಂಬ್ರಿಜ್ ಪರೀಕ್ಷೆ ಬರೆದಮೇಲೆಯೇ ನಿಕಾಹ್ ಎಂದು ಸಕೀನಾಳ ಹಟ. ಅವಳ ಅಬ್ಬಾಗೆ ಸಾಕಾಗಿಹೋಗಿತ್ತು.

"ಒಂದು ಜಾಗದಾಗ ಒಂದು ಗಳಿಗಿ ಕೂಡಂಗಿಲ್ಲ ನೀನು. ವರ್ಷಗಟ್ಟಲೆ ಓದೋ ಸಬೂರಿ ಎಲ್ಲಿಂದ ಬರ್ತದ?" ಎಂದರು. "ನಾಳೆ ಹೊಳಿಗೆ ಹೊಂಟೀರಲ್ಲ, ನಿನ್ನ ಕೈಯಾರೆ ಒಂದು ಮೀನ ಹಿಡದು ದಂಡಿಗೆ ತಾ. ತಂದಿ ಅಂದ್ರ ಪರೀಕ್ಷಾ ಆದಮ್ಯಾಲ ನಿಕಾಹ್. ಹೊತ್ತು ಮುಳುಗಿ ನಾ ಮಗ್ರಿಬ್ ನಮಾಜಿಗೆ ಎದ್ದೆ ಅಂದ್ರ ಆಟ ಮುಗೀತು."

"ಜಬಾನ್? ಮಾತು ಕೊಟ್ಟಂಗ?" ಎಂದಳು ಸಕೀನಾ.

"ಜಬಾನ್."

ಬೆಳಗಿನ ಚಳಿಯಲ್ಲಿ ಪರದೆ ಕಟ್ಟಿದ ಸವಾರಿ ಬಂಡಿ ನಮ್ಮನ್ನು ಕೃಷ್ಣೆಯ ದಂಡೆಗೆ ಮುಟ್ಟಿಸಿತು. ತಹಶೀಲ್ದಾರ ಸಾಹೇಬರು ಬೇವಿನ ಮರದ ಕೆಳಗೆ ಆರಾಮ ಕುರ್ಚಿ ಹಾಕಿಸಿಕೊಂಡರು. ಹರಗೋಲು ನಡೆಸುವವಳು ಹೆಂಗಸೆಂದೇ ನಮಗೆ ನೀರಿಗಿಳಿಯಲು ಪರವಾನಗಿ ಸಿಕ್ಕಿದ್ದು. ಹುಲಿಗೆವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಆಚಾರರ ಮಗಳೇನ? ಮೀನಿನ ವಾಸನಿ ಬಡದ್ರ ನಿಮ್ಮವ್ವ ನಿನ್ನ ಮನಿಯೊಳಗ ಬಿಟ್ಟಗೊಂತಾಳೇನ ಯವ್ವಾ?"

ಹರಗೋಲು ತಿರುಗುತ್ತ ತಿರುಗುತ್ತ ನಡುಹೊಳೆಯ ಬಂಡೆಗಳ ಹತ್ತಿರ ಹೋಯಿತು. ನೀರು ತಿಳಿಯಾಗಿತ್ತು. ಬಂಡೆಯ ಮೇಲೆ ಬಾಯ್ತೆರೆದು ಮಲಗಿದ್ದ ಮೊಸಳೆಯನ್ನು ಕಂಡು ಗ್ರೇಸ್ ಹಾಡು ನಿಲ್ಲಿಸಿದಳು. ಹುಲಿಗೆವ್ವ ಗಾಳಕ್ಕೆ ಸಣ್ಣ ಮೀನು ಸಿಗಿಸಿ ದಾರವನ್ನು ಸಕೀನಾಳ ಕೈಗೆ ಕೊಟ್ಟಳು. ಬುರ್ಖಾ ತೆಗೆದಿಟ್ಟು, ಓಢಣಿ ಸೊಂಟಕ್ಕೆ ಬಿಗಿದು ಅವಳು ಕೂತದ್ದು ಕೂತದ್ದೇ. ನಾವು ರೊಟ್ಟಿ ತಿಂದೆವು, ಅವಳು ತಿನ್ನಲಿಲ್ಲ. ಬಿಸಿಲು ಇಳಿಯತೊಡಗಿದಾಗ ದಾರ ಸರ್ರನೆ ಓಡಿತು. ಹರಗೋಲು ಬುಗುರಿಯಂತೆ ಸುತ್ತಿತು. "ಬಿಡಬ್ಯಾಡ! ಬಿಗಿ ಹಿಡಿ! ಸಡಲ ಬಿಡು!" ಎಂದು ಎಲ್ಲರೂ ಒಮ್ಮೆಲೇ ಕೂಗಿದೆವು. ಕೊನೆಗೆ ನಮ್ಮ ಕಾಲಬುಡಕ್ಕೆ ಬಂದು ಬಿತ್ತು ಒಂದು ಬಾಳೆ ಮೀನು. ಬೆಳ್ಳಿ ಮೈ, ಉದ್ದ ಮೀಸೆ. ಆನೆಸ್ಟ್ಲಿ, ನನ್ನ ತೋಳಿನಷ್ಟು ಉದ್ದವಿತ್ತು.

ನಾವು ಕುಣಿದದ್ದಕ್ಕೆ ಹರಗೋಲು ಮುಗುಚಬೇಕಿತ್ತು. ಹುಲಿಗೆವ್ವ ಮಾತ್ರ ಕೈಮುಗಿದಳು. "ಇನ್ನ ಬಿಡ್ರಿ ಅದನ್ನ. ಹೊಸಬರ ಕೈಗೆ ಬಂದ ಮೊದಲ್ನೇ ಮೀನ ಹೊಳಿ ಪಾಲು."

"ಬಟ್ ದಟ್ಸ್ ನಾಟ್ ಫೇರ್!" ಗ್ರೇಸ್ ಕಿರುಚಿದಳು. "ಮೊದಲೇ ಯಾಕ ಹೇಳಲಿಲ್ಲ?"

"ನೀವು ಹಿಡೀತೀರಿ ಅಂತ ಯಾರಿಗೆ ಗೊತ್ತಿತ್ತು?"

ಸಕೀನಾ ದಂಡೆಯತ್ತ ನೋಡಿದಳು. ಅಬ್ಬಾ ಕುರ್ಚಿಯಿಂದ ಎದ್ದು, ಕಣ್ಣಿಗೆ ಕೈ ಅಡ್ಡ ಹಿಡಿದು ಇತ್ತಲೇ ನೋಡುತ್ತಿದ್ದರು. "ನೀನು ನಿನ್ನ ಮೊದಲ್ನೇದು ಬಿಟ್ಟಿದ್ಯಾ?" ಎಂದು ಹುಲಿಗೆವ್ವನನ್ನು ಕೇಳಿದಳು.

"ಬಿಟ್ಟೆ. ಅಳಕೋತ ಬಿಟ್ಟೆ."

ಸಕೀನಾ ಗಾಳ ಬಿಡಿಸಿ, ಮೀನನ್ನು ಎರಡೂ ಕೈಯಿಂದ ನೀರಿಗಿಳಿಸಿದಳು. ಅದು ಬಾಲ ಬಡಿದು ಎಲ್ಲರ ಮುಖಕ್ಕೂ ನೀರು ಹಾರಿಸಿ ಹೋಯಿತು. "ಖುದಾ ಹಾಫಿಜ್" ಎಂದಳು ಮೀನಿಗೆ. ಅಳುತ್ತಿದ್ದಳೋ, ನೀರೋ, ಹೇಳಲಾರೆ.

ಗಾಳಕ್ಕೆ ಸಿಗಿಸುವ ಸಣ್ಣ ಮೀನು ತೀರಿಹೋಗಿದ್ದವು. ಹೊತ್ತು ಕೆಂಪಾಗುತ್ತಿತ್ತು. ನಾನು ಉಳಿದ ರೊಟ್ಟಿಯನ್ನು ಹೊಳೆಯ ನೀರಲ್ಲಿ ನೆನೆಸಿ, ನಾದಿ, ಗುಳಿಗೆ ಮಾಡಿಕೊಟ್ಟೆ. "ಆಚಾರರ ಮನಿ ಮಡಿ ರೊಟ್ಟಿ!" ಹುಲಿಗೆವ್ವ ಬಿದ್ದು ಬಿದ್ದು ನಕ್ಕಳು. "ಮೀನಿಗೂ ಇವತ್ತ ಪುಣ್ಯ ಬಂತು." ದಂಡೆಯ ಮೇಲೆ ಸಾಹೇಬರು ಅಂಗಿಯ ತೋಳು ಮಡಚಿ, ನಮಾಜಿಗೆಂದು ಕೈಕಾಲು ತೊಳೆಯಲು ಕೂತರು. ಆಗ ದಾರ ಒಂದಿಷ್ಟೇ ಇಷ್ಟು ಅಲುಗಿತು.

ಹುಲಿಗೆವ್ವ ಹುಟ್ಟು ಹಾಕಿದ ರಭಸಕ್ಕೆ ನಮ್ಮ ತಲೆ ತಿರುಗಿತು. ಹರಗೋಲು ದಂಡೆ ಮುಟ್ಟುವ ಮೊದಲೇ ಸಕೀನಾ ಮೊಣಕಾಲುಮಟ್ಟದ ನೀರಿಗೆ ಜಿಗಿದು ಓಡಿದಳು. ಅಬ್ಬಾ ಇನ್ನೂ ಕಾಲು ತೊಳೆಯುತ್ತಿದ್ದರು. ಅವಳು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಕಿರುಬೆರಳಿನಷ್ಟು ಮೀನು ಮಿಸುಕಾಡುತ್ತಿತ್ತು.

"ಇದು ಮೀನಾ? ನನ್ನ ಮೀಸಿ ಇದಕ್ಕಿಂತ ಉದ್ದ ಅದ."

"ಶರತ್ತಿನಾಗ ಉದ್ದದ ಮಾತು ಇದ್ದಿಲ್ಲ ಅಬ್ಬಾ."

"ಆ ದೊಡ್ಡದನ್ನ ಯಾಕ ಬಿಟ್ಟಿ? ನಾ ನೋಡೀನಿ."

"ಅದು ಹೊಳಿದಂತ. ನಂದಲ್ಲ."

ಅವರು ಮಗಳ ಮುಖವನ್ನೇ ನೋಡಿದರು. ಆಮೇಲೆ ಒದ್ದೆ ಕೈಯನ್ನು ಅವಳ ತಲೆಯ ಮೇಲಿಟ್ಟು, "ಪರೀಕ್ಷಾ ಬರಿ" ಎಂದು ಹೇಳಿ ನಮಾಜಿಗೆ ಎದ್ದರು.

ಬಂಡಿ ದೇವದುರ್ಗ ಸೇರುವಷ್ಟರಲ್ಲಿ ಸಕೀನಾಳ ಮಾತಿನಲ್ಲಿ ಆ ಬಿಟ್ಟ ಮೀನು ಆಗಲೇ ಇನ್ನೊಂದು ಗೇಣು ಬೆಳೆದಿತ್ತು. ಕಾನ್ವೆಂಟಿಗೆ ಹೋದಮೇಲೆ ಸಿಸ್ಟರ್‌ಗಳ ಮುಂದೆ ಹೇಳುವಾಗ ಇನ್ನೂ ಬೆಳೆಯಿತು. ಮೂವರೂ ಪರೀಕ್ಷೆ ಬರೆದೆವು. ಅವಳೇ ಫಸ್ಟ್ ಬಂದಳು, ಮೈ ಡಿಯರ್ ಸಕೀನಾ.

ಅವಳನ್ನು ಕೊನೆಯ ಸಲ ಕಂಡದ್ದು ರಾಯಚೂರು ಸ್ಟೇಷನ್ನಿನಲ್ಲಿ, ಮದುವೆಯಾಗಿ ಔರಂಗಾಬಾದಿಗೆ ಹೊರಟಾಗ. ಹೆಂಗಸರ ಜನಾನಾ ಡಬ್ಬಿಯ ಕಿಟಕಿಯಲ್ಲಿ ಕಪ್ಪು ಬುರ್ಖಾ, ಮದರಂಗಿ ಹಚ್ಚಿದ ಎರಡು ಕೈ. ಇಂಜಿನ್ನಿನ ಗದ್ದಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಲಿಲ್ಲ. ಗಾಡಿ ಕದಲಿತು. ಸಕೀನಾ ಕೈಯೆರಡನ್ನೂ ಹೊರಗೆ ಚಾಚಿ ಮೀನಿನ ಉದ್ದ ತೋರಿಸತೊಡಗಿದಳು. ಒಂದು ಗೇಣು, ಒಂದು ಮೊಳ, ಕಿಟಕಿಗಿಂತ ಅಗಲ. ಗಾಡಿ ಸಿಗ್ನಲ್ ದಾಟುವವರೆಗೂ ಆ ಮೀನು ಬೆಳೆಯುತ್ತಲೇ ಇತ್ತು.