ಕದಿರ ಯಾವ ದೇಶದವನು?

ಹೆದರಿದ ಪ್ರಕಾಶಕರು ಕದಿರನ ಕುರಿತ ಕಾದಂಬರಿಯಿಂದ ಒಂದು ಸಾಲು ಕಿತ್ತುಹಾಕಿದರು ಎಂದು ಈಗಲೂ ಹೇಳುತ್ತಾರೆ. ಹೆದರಿಕೆ ಇದ್ದದ್ದು ನಿಜ. ಯಾರಿಗೆ, ಯಾತಕ್ಕೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಎರಡು ವರ್ಷದ ಹಿಂದೆ ನಾನು ತುಮಕೂರಿನ ಪುಟ್ಟ ಪ್ರಕಾಶನವೊಂದರಲ್ಲಿ ಸಂಪಾದಕಿ. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ. ಲೇಖಕರೊಂದಿಗೆ ವಾದಿಸುವುದಕ್ಕೇ ಸಂಬಳ ಎಂದುಕೊಂಡಿದ್ದೆ. ಪಾವಗಡದ ಗಿರಿಧರ್ ಸರ್ ತಂದ ಹಸ್ತಪ್ರತಿಯ ನಾಯಕ ಕದಿರ, ಪಾಳೇಗಾರರ ಕಣಜ ದೋಚಿ ಹಂಚಿ ಚನ್ನರಾಯನದುರ್ಗದ ಬಂಡೆಗಳಲ್ಲಿ ಅಡಗುತ್ತಿದ್ದ ಜನಪದದ ಕಳ್ಳ. ಸಂತೆಯಲ್ಲಿ ಅವನನ್ನು ಸುತ್ತುವರಿದ ಸಿಪಾಯಿಗಳು "ನೀನು ಯಾವ ದೇಶದವನು?" ಎನ್ನುತ್ತಾರೆ. ಸರ್ ಬರೆದ ಕದಿರ "ನನಗೆ ದೇಶವಿಲ್ಲ" ಎನ್ನುತ್ತಾನೆ. ಆಳುವವರು ಬದಲಾದಾಗಲೆಲ್ಲ ಬಡವನ ದೇಶವೂ ಬದಲಾಗಬೇಕೇ ಎಂಬುದು ಅವರ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ನನ್ನ ತಕರಾರು ಅದಕ್ಕಲ್ಲ.

ಆ ಅಧ್ಯಾಯ ಮೊದಲು ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಪದ ಹಾಡುವ ಹೊಳವನಹಳ್ಳಿಯ ಈರಮ್ಮನ ಬಾಯಿಂದ ಕೇಳಿದ ಕಥೆ ಎಂದು ಸರ್ ಪ್ರೀತಿಯಿಂದಲೇ ಕೆಳಗೆ ಬರೆದಿದ್ದರು. "ನನಗೆ ದೇಶವಿಲ್ಲ" ಎಂಬ ಸಾಲು ಈರಮ್ಮನ ಹೆಸರಿನೊಂದಿಗೆ ವಾಟ್ಸಾಪಿನಲ್ಲಿ ಓಡಾಡಿತು. ಒಂದು ಗುಂಪು ಈರಮ್ಮನ ಬಾಗಿಲಿಗೆ ಬಂದು, ದೇಶದ್ರೋಹಿ ಎಂದು ಬೈದು, ಸೋಮವಾರ ಗುಡಿ ಮುಂದೆ ಪದ ಹಾಡಿದರೆ ಸುಮ್ಮನಿರುವುದಿಲ್ಲ ಎಂದು ಹೆದರಿಸಿ ಹೋಯಿತು.

ಸುದ್ದಿ ಕೇಳಿ ನಾವಿಬ್ಬರೂ ಓಡಿದೆವು. ಈರಮ್ಮ ಹುಣಸೆಹಣ್ಣು ಕುಟ್ಟುತ್ತಿದ್ದರು.

"ನಾನೆಲ್ಲಿ ಅಂಗಂದೆ ಸಾಮಿ? ನಮ್ ಪದದಾಗೆ ಕದಿರ ಬಾಯೇ ಬುಡಾಕಿಲ್ಲ."

ಹೌದು. ಸಿಪಾಯಿಗಳ ಆ ಪ್ರಶ್ನೆ ಬಂದಾಗ ಹಾಡುವವರು ನಿಲ್ಲಿಸಬೇಕು. ಕೇಳುವವರು ತಮ್ಮ ತಮ್ಮ ಊರನ್ನು ಕೂಗಬೇಕು. ಆ ಗದ್ದಲದಲ್ಲಿ ಸಿಪಾಯಿಗಳು ದಿಕ್ಕುತಪ್ಪಿ, ಕದಿರ ಪಾರಾಗುತ್ತಾನೆ. ಅದು ಅಲ್ಲಿಯ ಪದ್ಧತಿ.

"ಅದು ಕಾದಂಬರಿ ಅಜ್ಜಿ, ಕಲ್ಪನೆ," ಎಂದರು ಸರ್.

"ಕಲ್ಪನೆ ನಿಂದು, ಬೈಗುಳ ನಂದಾ?"

ಸೋಮವಾರ ಹಾಡುವುದು ಬೇಡ ಎಂದೆ ನಾನು.

"ಹಾಡ್ದೆ ಇದ್ರೆ ಅಂದೋಳು ನಾನೇ ಅಂತ ಆಯ್ತದೆ ಕಣಮ್ಮ."



ಸೋಮವಾರ ಗುಡಿ ಮುಂದೆ ಜನ ಸೇರಿದ್ದರು; ನಾನೂ ಸರ್ ಕೂಡ ಹೋಗಿದ್ದೆವು. ಬೆದರಿಸಿದ್ದವರು ಫೋನ್ ಎತ್ತಿ ಹಿಡಿದು ಮುಂದೆಯೇ ನಿಂತಿದ್ದರು. "ಯಾವ ದೇಶದೋನ್ಲಾ ನೀನು?" ಎಂದು ಹಾಡಿ ಈರಮ್ಮ ನಿಲ್ಲಿಸಿದರು. ಕೈಯಲ್ಲಿದ್ದ ದಮ್ಮಡಿಯ ತಾಳ ಮಾತ್ರ ನಿಲ್ಲಲಿಲ್ಲ. ಯಾರೂ ಬಾಯಿ ಬಿಡಲಿಲ್ಲ. 

"ಮಧುಗಿರಿ!" ಎಂದು ನನ್ನೂರನ್ನು ನಾನೇ ಕೂಗಿದೆ.  ಹಿಂದಿನಿಂದ ಬಳೆ ವ್ಯಾಪಾರಿ ರಹಮತ್ ಸಾಬರು, "ಸಿರಾ!" ಎಂದರು. 

"ಎಲ್ಡೇ ಊರಾ?" ಈರಮ್ಮ ರೇಗಿದರು. "ಎಲ್ಡೂರಿನ ಸಂದೀಲಿ ಅಡಗೋಕೆ ಕದಿರ ಏನು ಇಲೀನ್ರಲಾ?"

ಯಾರೋ ನಕ್ಕರು. ಕೊರಟಗೆರೆ ಬಂತು, ಗೊರವನಹಳ್ಳಿ ಬಂತು. ಫೋನ್ ಹಿಡಿದಿದ್ದವನೊಬ್ಬ, ಚಿಕ್ಕಂದಿನ ಅಭ್ಯಾಸಬಲದಿಂದ, "ಹೊಳವನಹಳ್ಳಿ!" ಎಂದು ಕೂಗಿ ನಾಲಿಗೆ ಕಚ್ಚಿಕೊಂಡ. ಕದಿರ ಆ ದಿನವೂ ಪಾರಾದ.

ಮರುದಿನ ಆ ಸಾಲನ್ನು ಹೊಡೆದುಹಾಕಿದವರು ಗಿರಿಧರ್ ಸರ್, ಪ್ರಕಾಶಕರಲ್ಲ. ಸಾಲು ಇರಲಿ, ಈರಮ್ಮನ ಹೆಸರು ತೆಗೆಯಿರಿ, ಆ ಮಾತು ನಿಮ್ಮದೇ ಎಂದು ಬಹಿರಂಗವಾಗಿ ಹೇಳಿ ಎಂದು ನಾನು ವಾದಿಸಿ ಸೋತೆ. ದೇಶವನ್ನು ಪ್ರಶ್ನಿಸುವುದು ಲೇಖಕರ ಹಕ್ಕು. ಆದರೆ ಉತ್ತರವನ್ನು ಯಾರ ಬಾಯಲ್ಲಿಟ್ಟರು, ಏಟು ಯಾರ ಬೆನ್ನಿಗೆ ಬೀಳುತ್ತದೆ ಎಂದು ನೋಡುವುದೂ ಸಂಪಾದನೆಯೇ. ಕೆಲಸ ನನಗೆ ಕಲಿಸಿದ್ದು ಅಷ್ಟು.

ಆ ಸೋಮವಾರ ಹಿಂತಿರುಗುವ ಬಸ್ಸಿನಲ್ಲಿ ಕೇಳಿದ್ದನ್ನೇ ಇಲ್ಲೂ ಕೇಳುತ್ತೇನೆ. ಸರ್, ನೀವು ನನ್ನ ಪಕ್ಕದಲ್ಲೇ ನಿಂತಿದ್ದಿರಿ. ಪಾವಗಡ ಅಂತ ಯಾಕೆ ಕೂಗಲಿಲ್ಲ?