ಯಮನವ್ವ ಜೋಕುಮಾರನ ಕೊರಳಿಗೆ ದಾರ ಕಟ್ಟಿದ್ದು

ಇಳಕಲ್ಲಿನಲ್ಲಿ ನಮ್ಮ ಮನೆಗೂ ನೇಕಾರರ ರತ್ನವ್ವನ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಮಗ್ಗ ನಿಂತರೆ ಈ ಕಡೆ ನನಗೆ ಗೊತ್ತಾಗುತ್ತಿತ್ತು. ರತ್ನವ್ವನ ಮಗಳು ಯಮನವ್ವನ ವಿಷಯ ಬರೆಯಬೇಕೆಂದು ಕೂತಿದ್ದೇನೆ. ಕಣ್ಣಿಂದ ಕಂಡದ್ದನ್ನು ಕಂಡದ್ದೆಂದೇ, ಗೋಡೆ ದಾಟಿ ಕಿವಿಗೆ ಬಿದ್ದದ್ದನ್ನು ಕೇಳಿದ್ದೆಂದೇ ಹೇಳುತ್ತೇನೆ.

ಈ ಹುಡುಗಿಗೆ ಹುಟ್ಟುತ್ತಲೇ ಸಂಶಯದ ಬುದ್ಧಿ ಎಂದು ಓಣಿಯವರು ಆಡುತ್ತಿದ್ದರು. ಅದು ಸುಳ್ಳು. ಎಂಟು ವರ್ಷದವಳಾಗುವ ತನಕ ಯಾರು ಏನು ಹೇಳಿದರೂ ನಂಬುತ್ತಿದ್ದಳು. ಅವಳಪ್ಪ ಕಳಕಪ್ಪ ಬರ ಬಿದ್ದಾಗ ಸೊಲ್ಲಾಪುರದ ಪಾವರ್‌ಲೂಮಿಗೆ ದುಡಿಯಲು ಹೋದವನು, ಮೊದಲ ವರ್ಷ ಎರಡು ಸಲ ಬಂದ, ಆಮೇಲೆ ಬರಲಿಲ್ಲ. ಹುಡುಗಿ ಕೇಳಿದರೆ ರತ್ನವ್ವ "ದೀಪಾವಳಿಗಿ ಬರ್ತಾನ" ಎನ್ನುತ್ತಿದ್ದಳು. ದೀಪಾವಳಿ ಹೋದರೆ "ಯುಗಾದಿಗಿ" ಎನ್ನುತ್ತಿದ್ದಳು. ಹುಡುಗಿ ತಲೆ ಆಡಿಸುತ್ತಿದ್ದಳು.

ಚೌತಿ ಮುಗಿದ ಮೇಲೆ ನಮ್ಮ ಕಡೆ ಜೋಕುಮಾರ ಬರುತ್ತಾನೆ. ಅಂಬಿಗರ ಹುಚ್ಚವ್ವ ಅವನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತರುತ್ತಿದ್ದಳು. ಮಣ್ಣಿನ ಮೂರ್ತಿ, ಸುತ್ತ ಬೇವಿನ ಸೊಪ್ಪು. ಮೊರದಲ್ಲಿ ಜೋಳ ತಂದು ನೀಡಿ, ಅವನ ಬಾಯಿಗೆ ಬೆಣ್ಣೆ ಒರೆಸಬೇಕು. ಗಣಪ್ಪ ಕಡುಬು ತಿಂದು ಹೋಗಿ, ಭೂಮಿಯಲ್ಲಿ ಎಲ್ಲರೂ ಸುಖವಾಗಿದ್ದಾರೆ ಎಂದು ಶಿವನಿಗೆ ಹೇಳುತ್ತಾನಂತೆ. ಜೋಕುಮಾರ ಮಾತ್ರ ಏಳು ದಿನ ತಿರುಗಿ, ಮಂದಿಯ ಕಷ್ಟ ನೋಡಿ, ಸತ್ತು ಹೋಗಿ ಖರೆ ಸುದ್ದಿ ಮುಟ್ಟಿಸುತ್ತಾನಂತೆ. ಮಳೆ ಬರುವುದು ಅದಕ್ಕೇ.

ಇದನ್ನು ಕೇಳಿದ ಯಮನವ್ವ ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಆಯಿ, ಇವಗ ನಾನೂ ಒಂದು ಹೇಳ್ಲೇನು?"

"ಹೇಳವ್ವಾ, ಅವ ಬಂದದ್ದ ಅದಕ," ಎಂದಳು ಹುಚ್ಚವ್ವ.

ಹುಡುಗಿ ಮಣ್ಣಿನ ಕಿವಿಗೆ ಬಾಯಿ ಹಚ್ಚಿ ಏನೋ ಹೇಳಿದಳು. ಏನೆಂದು ನಮಗೆಲ್ಲ ಗೊತ್ತೇ ಇತ್ತು. ರತ್ನವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

ಹುಣ್ಣಿಮೆ ಕಳೆದು ನಾಲ್ಕನೆಯ ದಿನ ಮಳೆ ಹೊಡೆಯಿತು. ಕಳಕಪ್ಪ ದೀಪಾವಳಿಗೂ ಬರಲಿಲ್ಲ, ಯುಗಾದಿಗೂ ಬರಲಿಲ್ಲ. ಆಗ ಈ ಹುಡುಗಿ ನನ್ನ ಹತ್ತಿರ ಬಂದು ಕೇಳಿದ ಮಾತು ಇದು: "ಅತ್ತಿ, ಮಳಿ ಮಾತು ಶಿವಗ ಹೇಳ್ಯಾನ. ನನ್ನ ಮಾತು ಮರತನೋ, ಹೇಳಲೇ ಇಲ್ಲೋ?"

"ನಿಮ್ಮವ್ವನ್ನ ಕೇಳು" ಎಂದೆ.

"ಅವ್ವ ಬರೇ ಹಬ್ಬದ ಹೆಸರು ಹೇಳ್ತಾಳ" ಎಂದು ಎದ್ದು ಹೋದಳು.

ಮರುವರ್ಷ ಜೋಕುಮಾರ ಬಂದಾಗ ಅವಳ ನೋಟ ಬೇರೆಯಾಗಿತ್ತು. ಬೆಣ್ಣೆ ಒರೆಸಿದವಳು ಬಾಗಿಲು ಬಿಟ್ಟು ಕದಲಲಿಲ್ಲ. ಹುಚ್ಚವ್ವ ಓಣಿಯ ತಿರುವಿನಲ್ಲಿ ಬುಟ್ಟಿ ಇಳಿಸಿ, ಆ ಬೆಣ್ಣೆಯನ್ನು ಬೆರಳಲ್ಲಿ ಬಳಿದು ಡಬ್ಬಿಗೆ ಹಾಕಿದ್ದನ್ನು ಬಾಗಿಲ ಸಂದಿಯಿಂದ ಅವಳೂ ನೋಡಿದಳು, ನಾನೂ ನೋಡಿದೆ. ಹುಡುಗಿ ಓಡಿ ಹೋಗಿ ಬುಟ್ಟಿಗೆ ಕೈ ಹಾಕಿದಳು. ಸೆರಗು ನೇಯಲು ತಂದಿದ್ದ ಕೆಂಪು ರೇಷ್ಮೆಯ ಎಳೆ ಅವಳ ಕೈಯಲ್ಲಿತ್ತು. ಅದನ್ನು ಜೋಕುಮಾರನ ಕೊರಳಿಗೆ ಮೂರು ಗಂಟು ಹಾಕಿ ಕಟ್ಟಿದಳು.

"ಏನ ಮಾಡಾಕತ್ತಿಯ ಹುಡುಗಿ?"

"ಗುರುತು. ಇದನ್ನ ಶಿವನ ಕೈಯಾಗ ಕೊಡಬೇಕು. ಹೋದ ವರ್ಷದಂಗ ಮರೀಬಾರದು."

ಹುಚ್ಚವ್ವ ನಕ್ಕು ಬುಟ್ಟಿ ಎತ್ತಿದಳು.

ಏಳನೆಯ ದಿನ ಹೆಂಗಸರು ಜೋಕುಮಾರನನ್ನು ಹಳ್ಳಕ್ಕೆ ಒಯ್ದು, ಅಗಸರ ಬಂಡೆಯ ಮೇಲಿಟ್ಟು, ಒನಕೆಯಿಂದ ಹೊಡೆದು, ಹಿಂದೆ ನೋಡದೆ ಬರುತ್ತಾರೆ. ಆಮೇಲೆ ಮೂರು ದಿನ ಆ ಕಡೆ ಯಾರೂ ಸುಳಿಯಬಾರದು, ಅವನು ಅಳುತ್ತಿರುತ್ತಾನೆ ಎಂದು ಮಾತು. ಅಗಸರೂ ಬಟ್ಟೆ ಒಗೆಯುವುದಿಲ್ಲ. ಮರುದಿನವೇ ಯಮನವ್ವ ಹೋದಳು. ಬಿಸಿಲೇರುವ ಹೊತ್ತಿಗೆ ಕಾಲೆಲ್ಲ ಕೆಸರಾಗಿ ತಿರುಗಿ ಬಂದದ್ದನ್ನು ನಾನು ಕಂಡೆ. ಮುಷ್ಟಿಯಲ್ಲಿ ಮಣ್ಣಿನ ಕೊರಳಿನ ತುಂಡು ಇತ್ತು. ಮೂರು ಗಂಟೂ ಬಿಚ್ಚಿರಲಿಲ್ಲ.

ಸೀದಾ ಹುಚ್ಚವ್ವನ ಮನೆಗೆ ನಡೆದಳು. ಏನು ಅನಾಹುತ ಮಾಡುತ್ತಾಳೋ ಎಂದು ನಾನೂ ಬೆನ್ನು ಹತ್ತಿದೆ.

"ಆಯಿ, ಅಲ್ಲಿ ಯಾರೂ ಅಳಾಕತ್ತಿರಲಿಲ್ಲ. ಕಪ್ಪಿ ಒದರಾಕತ್ತಿದ್ದವು. ದಾರ ಇಲ್ಲೇ ಐತಿ."

"ಶಿವನ ಕಡೆ ಹೋಗೋದು ಜೀವ ಬೇ, ನಿನ್ನ ದಾರ ಅಲ್ಲ."

"ಮಣ್ಣಿಗಿ ಜೀವ ಯಾರ ಹಾಕಿದ್ರು? ಬೆಣ್ಣಿ ನೀ ಡಬ್ಬಿಗಿ ಹಾಕ್ಕೊಂಡಿ, ನೋಡೇನಿ."

ಹುಚ್ಚವ್ವನಿಗೆ ಸಿಟ್ಟು ಬಂತು. "ಅಬ್ಬಬ್ಬಾ, ಪೊಲೀಸ್ ಬಂದಾಳ ನೋಡು! ಬೆಣ್ಣಿ ನನ್ನ ಮಕ್ಕಳು ತಿಂತಾವ, ಹೌದು. ನಿಮ್ಮಪ್ಪನ ಸುದ್ದಿ ಬೇಕಂದ್ರ ಜೋಕುಮಾರನ್ನ ಯಾಕ ಕೇಳ್ತಿ? ನಿಮ್ಮವ್ವಗ ಎಲ್ಲಾ ಗೊತ್ತೈತಿ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಹುಡುಗಿ ಅಳಲಿಲ್ಲ. ಮನೆಗೆ ಬರುವ ದಾರಿಯಲ್ಲಿ ನನ್ನ ಕೈಯನ್ನೂ ಹಿಡಿಯಲಿಲ್ಲ.

ಇನ್ನು ಮುಂದಿನದು ಗೋಡೆಯಾಚೆ ಕೇಳಿದ್ದು. ಮಗ್ಗ ನಿಂತಿತು.

"ಅವ್ವಾ, ಅಪ್ಪ ಬರ್ತಾನೋ ಇಲ್ಲೋ?"

"ದೀಪಾವಳಿಗಿ..."

"ಹಬ್ಬದ ಹೆಸರು ಹೇಳಬ್ಯಾಡ."

ಲಾಳಿ ಕೆಳಗಿಟ್ಟ ಸದ್ದಾಯಿತು. ಆಮೇಲೆ ರತ್ನವ್ವನ ದನಿ ಬಂತು. "ಬರೂದಿಲ್ಲವ್ವಾ. ಅಲ್ಲೇ ಇನ್ನೊಂದು ಮನಿ ಮಾಡ್ಯಾನ. ಒಂದು ಕೂಸೂ ಐತಿ."

ಆ ದಿನ ಮಗ್ಗ ಮತ್ತೆ ನಡೆಯಲಿಲ್ಲ.

ಅಂದಿನಿಂದ ಓಣಿಯವರು ಹೇಳುವ ಸಂಶಯದ ಯಮನವ್ವ ಆದಳು. ಹಾಲಿನವಳು ಅಳೆದರೆ ಎದುರು ನಿಲ್ಲುವಳು. ಮಾಸ್ತರರು ನಾಳೆ ಎಂದರೆ "ನಾಳೆ ಅಂದ್ರ ಯಾವಾಗ್ರಿ?" ಎನ್ನುವಳು. ಎಂಬತ್ತೈದರಲ್ಲಿ ಹುನಗುಂದದ ಗಂಡು ನೋಡಲು ಬಂದಾಗ ಅವನನ್ನೇ ಕೇಳಿದಳು: "ದೂರ ದುಡಿಯಾಕ ಹೋಗವರೇನ್ರಿ?" ಹಿರಿಯರು ಮುಖ ಮುಖ ನೋಡಿಕೊಂಡರು. ಗಂಡು "ಸದ್ಯಕ್ಕ ಇಲ್ಲ, ಮುಂದಿಂದು ಗೊತ್ತಿಲ್ಲ" ಎಂದ. ಆ ಗೊತ್ತಿಲ್ಲ ಎಂಬ ಮಾತಿಗೇ ಅವಳು ಒಪ್ಪಿದಳೆಂದು ನನ್ನ ಎಣಿಕೆ.

ಮದುವೆಯ ಹಿಂದಿನ ದಿನ, ನಾವು ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದಾಗ, ಕಳಕಪ್ಪ ಬಂದ. ಕೂದಲು ಬೆಳ್ಳಗಾಗಿತ್ತು. ಕೈಯಲ್ಲಿ ಅಮೀನಗಡದ ಕರದಂಟಿನ ಪೊಟ್ಟಣ ಇತ್ತು. ರತ್ನವ್ವ ಎದ್ದು ಒಳಗೆ ಹೋದಳು. ಯಮನವ್ವ ಬಾಗಿಲಿಗೆ ಅಡ್ಡ ನಿಂತಳು.

"ನಿನ್ನ ಲಗ್ನಕ ಬಂದೇನವ್ವಾ. ಶಿವ ಬುದ್ಧಿ ಕೊಟ್ಟ..."

"ಶಿವನ ಮಾತು ಬಿಡು. ಯಾವಾಗ ಹೋಗ್ತಿ?"

ಅವನು ನನ್ನನ್ನು ನೋಡಿದ, ನೆಲ ನೋಡಿದ. ಇನ್ನೊಂದು ಸುಳ್ಳು ಹೊರಡುತ್ತದೆ ಎಂದು ನಾನು ಮೊರ ಹಿಡಿದವಳು ಹಾಗೇ ಕೂತೆ.

"ನಾಳೆ ಅಕ್ಕಿಕಾಳು ಬಿದ್ದ ಮ್ಯಾಲ, ಮೂರರ ಬಸ್ಸಿಗಿ. ಅಲ್ಲಿ ಹುಡುಗ್ರು ಅದಾವ."

"ಮತ್ತ ಬರ್ತಿ?"

"ಬರಾಕ ಆಗೂದಿಲ್ಲ ಅನಸ್ತೈತಿ."

ಅವಳು ಬಾಗಿಲು ಬಿಟ್ಟು ಸರಿದಳು. "ಒಳಗ ಬಾ. ಕೈಕಾಲು ತೊಳಕೊಂಡು ಉಣ್ಣು."

ಮರುದಿನ ಮದುಮಗಳು ತಲೆಯಲ್ಲಿ ಅಕ್ಕಿಕಾಳು ಇರುವಂತೆಯೇ ನನ್ನನ್ನು ಎಳೆದುಕೊಂಡು ಬಸ್ ನಿಲ್ದಾಣಕ್ಕೆ ಬಂದಳು. ಅವನಿಗೆ ಕಾಣದಂತೆ ಪಾನ್ ಅಂಗಡಿಯ ಮರೆಯಲ್ಲಿ ನಿಂತೆವು. ಮೂರರ ಬಸ್ಸು ಬಂತು. ಕಳಕಪ್ಪ ಹತ್ತಿ ಕಿಟಕಿಯ ಹತ್ತಿರ ಕೂತ. ಬಸ್ಸು ತಿರುವು ದಾಟುವ ತನಕ ಅವಳು ಕಣ್ಣು ಕೀಳಲಿಲ್ಲ.

"ಹೇಳಿದ ಬಸ್ಸಿಗೇ ಹೋದ ನೋಡ್ರಿ, ಅತ್ತಿ" ಎಂದಳು. ಆಗ ಅತ್ತಳು.